ಗುಂಪಿನೊಳಗಿನ ಕೂಗು ಅಚ್ಚಿಗೆ ಹೋಗಲಿ!



ಬ್ಯಾಂಕಿನಲ್ಲಿ ಕನ್ನಡದ ಚಲನ್ ಇಲ್ಲವೆಂದು ವಾಟ್ಸಾಪ್ ಗುಂಪಿನಲ್ಲಿ ನೂರು ಜನ ಹಲ್ಲು ಕಡಿಯುತ್ತಾರೆ. ಮರುದಿನ ಅದೇ ಬ್ಯಾಂಕು, ಅದೇ ಇಂಗ್ಲಿಷ್ ಚಲನ್! ಪತ್ರಿಕೆಯಲ್ಲಿ ಒಂದು ಸಾಲೂ ಇಲ್ಲ. ಆಗ ಬೈಗುಳ ಪತ್ರಕರ್ತರ ಮೇಲೆ. ಆದರೆ ಅವರ ಕೈಗೆ ತಲುಪಿದ್ದಾದರೂ ಏನು?

2017ರಲ್ಲಿ 'ನಮ್ಮ ಮೆಟ್ರೋ ಹಿಂದಿ ಬೇಡ' ಎಂಬ ಕೂಗು ಕಾವೇರಿದ್ದು ಟ್ವಿಟರ್‌ನಲ್ಲಿ. ನಿಲ್ದಾಣದ ಫಲಕ ಎಲ್ಲರ ಕಣ್ಣೆದುರಿಗಿತ್ತು, ಬೇಡಿಕೆ ಒಂದೇ ಇತ್ತು. ದೇಶದ ಪತ್ರಿಕೆಗಳೆಲ್ಲ ಬರೆದವು. ರಾಜ್ಯ ಸರ್ಕಾರ ಕೇಂದ್ರಕ್ಕೆ ಪತ್ರ ಬರೆಯಿತು. ಕೊನೆಗೆ ಹಿಂದಿ ಅಕ್ಷರ ಇಳಿಯಿತು! 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯ ಅಧಿಕಾರಿ ಕನ್ನಡ ಮಾತಾಡುವುದಿಲ್ಲವೆಂದು ಹಠ ಹಿಡಿದ ವಿಡಿಯೋ ಹರಿದಾಡಿತು. ಮುಖ್ಯಮಂತ್ರಿಯೇ ಖಂಡಿಸಿದರು, ಅಧಿಕಾರಿಯ ವರ್ಗಾವಣೆಯಾಯಿತು. ಎರಡರಲ್ಲೂ ಊರು, ಜಾಗ, ಸಾಕ್ಷಿ ಸ್ಪಷ್ಟವಾಗಿದ್ದವು. ವರದಿಗಾರ ಹೋಗಿ ನೋಡಿ ಬರೆಯಬಹುದಿತ್ತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಬೆಂಗಳೂರಲ್ಲ. ಇಲ್ಲಿಗೆ ಟಿವಿ ಕ್ಯಾಮೆರಾ ತಾನಾಗಿ ಬಾರದು. ಮೂರು ಕಡೆ ಆಂಧ್ರ ಸುತ್ತಿರುವ ಪಾವಗಡದ ಕೂಗು ತುಮಕೂರಿಗೆ ಮುಟ್ಟುವುದೇ ಕಷ್ಟ. ಮೊಬೈಲನ್ನು ನಾವೇ ಸರಿಯಾಗಿ ಬಳಸಬೇಕು.

ನಾನು ಮುದ್ರಣಾಲಯ ನಡೆಸುವವನು. ಚುನಾವಣಾ ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂಬುದು ಕಾನೂನು. ಹೇಳಿದವರು ಯಾರೆಂದು ತಿಳಿಯದ ಮಾತಿಗೆ ಬೆಲೆಯಿಲ್ಲ. ಮೊಬೈಲಿಗೂ ಇದೇ ನಿಯಮ ಇರಲಿ.

ಮೊದಲು ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಹಕರ ನಮೂನೆಗಳು ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಸೂಚಿಸಿದೆ. ಅದನ್ನು ದೂರಿನಲ್ಲಿ ಬರೆಯಿರಿ. ಚಲನ್ನಿನ ಫೋಟೋ, ದೂರಿನ ಪ್ರತಿ, ಊರು, ದಿನಾಂಕ, ನಿಮ್ಮ ಹೆಸರು ಸೇರಿಸಿ ಫೇಸ್‌ಬುಕ್‌ನಲ್ಲೂ ಎಕ್ಸ್‌ನಲ್ಲೂ ಹಾಕಿ. ಅದನ್ನೇ ತಾಲ್ಲೂಕು ವರದಿಗಾರರಿಗೆ ಕಳುಹಿಸಿ, ಒಂದು ಫೋನ್ ಮಾಡಿ. ವಾರ ಕಳೆದರೂ ಉತ್ತರ ಬಾರದಿದ್ದರೆ ಅದೂ ಸುದ್ದಿಯೇ! ಮತ್ತೆ ಕಳುಹಿಸಿ.

ಹಳೆಯ ವಿಡಿಯೋ, ಬೇರೆ ಊರಿನ ಫೋಟೋ ಕಳುಹಿಸಬೇಡಿ. ಒಮ್ಮೆ ಸುಳ್ಳು ಸಿಕ್ಕಿಬಿದ್ದರೆ ಮುಂದಿನ ನಿಜವನ್ನೂ ನಂಬುವವರಿಲ್ಲ. ಯಾರ ಮನೆಮಾತನ್ನೂ ಹೀಯಾಳಿಸಬೇಡಿ. ಪಾವಗಡದಲ್ಲಿ ಮನೆಯಲ್ಲಿ ತೆಲುಗು ಆಡುವವರೂ ನಮ್ಮವರೇ. ನಮ್ಮ ಜಗಳ ಕನ್ನಡ ಬಿಟ್ಟ ಕಚೇರಿಯೊಂದಿಗೆ, ನೆರೆಮನೆಯೊಂದಿಗಲ್ಲ.

ಬೈಗುಳ ಗುಂಪಿನಲ್ಲೇ ಸಾಯುತ್ತದೆ, ಸಾಕ್ಷಿ ಅಚ್ಚಾಗುತ್ತದೆ. ಕನ್ನಡಿಗರೇ, ಸಾಕ್ಷಿ ಕೂಡಿಸಿ!

ಸಿರಿಗನ್ನಡಂ ಗೆಲ್ಗೆ!