ಅಜ್ಜಿಯ ಸುಕ್ಕು ನಮ್ಮಪ್ಪನ ಮನೆ ಆಸ್ತಿಯೇ?

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡಿದ್ದೆ, ಇವತ್ತು ಬರೆದೇ ಬಿಡ್ತೀನಿ. ಯಾರಿಗಾದ್ರೂ ಚುಚ್ಚಿದ್ರೆ ಬೇಜಾರು ಮಾಡ್ಕೋಬೇಡಿ, ತಪ್ಪಿತಸ್ಥರ ಪಟ್ಟಿಯಲ್ಲಿ ಮೊದಲನೇ ಹೆಸರು ನನ್ನದೇ :)

ನಮ್ಮ ಬ್ಲಾಗುಗಳಲ್ಲಿ ಆಗಾಗ ಒಂದು ಫೋಟೋ ಬರುತ್ತೆ. ಕಪ್ಪು ಬಿಳುಪು. ಯಾವುದೋ ಹಳ್ಳಿಯ ಅಜ್ಜಿ. ಮುಖದ ತುಂಬ ಸುಕ್ಕು, ಪಕ್ಕದಿಂದ ಬಿದ್ದ ಬೆಳಕು, ಎತ್ತಲೋ ನೋಡುವ ಕಣ್ಣು. ಕೆಳಗೆ ‘ಬದುಕಿನ ಗೆರೆಗಳು’ ಅಂತಲೋ ‘ಮಾಗಿದ ಜೀವ’ ಅಂತಲೋ ಶೀರ್ಷಿಕೆ. ಅಜ್ಜಿಯ ಹೆಸರು? ಇರೋದಿಲ್ಲ. ಲೆನ್ಸಿನ ಹೆಸರು ಮಾತ್ರ ತಪ್ಪದೇ ಇರುತ್ತೆ!

ನಾನೂ ಅಂಥದ್ದೊಂದು ತೆಗೀಬೇಕು ಅಂತ ರಜೆಗೆ ಲಕ್ಷ್ಮೇಶ್ವರಕ್ಕೆ ಹೋದಾಗ ಮನೆಯಲ್ಲೇ ಪ್ಲಾನ್ ಹಾಕಿದೆ. ಸಾಫ್ಟ್‌ವೇರಿನವನು ನೋಡಿ, ಎಕ್ಸೆಲ್ ಶೀಟ್ ಇಲ್ಲದೆ ಕೈ ಓಡಲ್ಲ. ಬೆಳಕಿಂಡಿಯಿಂದ ಪಡಸಾಲೆಗೆ ಎಷ್ಟು ಗಂಟೆಗೆ ಬಿಸಿಲು ಬೀಳುತ್ತೆ, ಹಳೇ ಕಂಬಳಿ ಎಲ್ಲಿದೆ, ಕಂದೀಲು ಎಲ್ಲಿದೆ, 50 ಎಂಎಂ ಲೆನ್ಸು, ಎಫ್ 1.8... ಎಲ್ಲ ಇತ್ತು. ಅಮ್ಮನನ್ನು (ನಮ್ಮ ಮನೆಯಲ್ಲಿ ಅಜ್ಜಿಗೆ ಅಮ್ಮ ಅಂತೀವಿ) ಕೇಳುವ ಸಾಲೊಂದೇ ಇರಲಿಲ್ಲ.

“ಕಂಬಳಿ ಯಾಕೋ ತಮ್ಮಾ, ನನಗೇನ ಚಳಿಜ್ವರ ಬಂದಾವೇನು?” ಅಂದಳು. ಕಂದೀಲು ನೋಡಿ “ಕರೆಂಟ್ ಐತಲ್ಲೋ” ಅಂದಳು. ಆದರೂ ಮೊಮ್ಮಗ ಅಂತ ಕೂತಳು. ಚಸ್ಮಾ ತೆಗೆಸಿದೆ. ಒಂದು ತಾಸು ಕೂರಿಸಿದೆ.

ರಾತ್ರಿ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ನಾನು ಬಹುಮಾನ ಗ್ಯಾರಂಟಿ ಅಂದುಕೊಂಡಿದ್ದ ಫೋಟೋವನ್ನು ಚಸ್ಮಾ ಹಾಕಿಕೊಂಡು ಬಹಳ ಹೊತ್ತು ನೋಡಿದಳು. “ಗುಡ್ಯಾಗ ಸೋಮೇಶ್ವರಗ ಅಲಂಕಾರ ಮಾಡೇ ಮಂದೀಗೆ ತೋರಸ್ತಾರ. ನನ್ನ ಯಾಕ ಹರಕ ಕಂಬಳ್ಯಾಗ ತೋರಸ್ತಿ? ನಾ ಯಾರ ಮನೀ ಮುಂದ ಬೇಡಾಕ ಹೋಗಿದ್ದೆ?” ಸ್ವಲ್ಪ ಹೊತ್ತು ಬಿಟ್ಟು, “ನಾ ಹೋದ ಮ್ಯಾಲೆ ಗ್ವಾಡಿಗೆ ಇದನ್ನ ಹಾಕ್ತೀರೇನು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಧಾರ್ ಕಾರ್ಡಿನದು ಬಿಟ್ಟರೆ ಅವಳೊಬ್ಬಳದೇ ಅಂತ ಇನ್ನೊಂದು ಫೋಟೋ ಮನೆಯಲ್ಲಿಲ್ಲ. ನನಗೆ ಅದು ಒಂದು ಪೋಸ್ಟು, ಅವಳಿಗೆ ಗೋಡೆಯ ಮೇಲೆ ಶಾಶ್ವತವಾಗಿ ಉಳಿಯುವ ಮುಖ.

‘ಇದ್ದದ್ದನ್ನ ಇದ್ದ ಹಾಗೆ ತೆಗೀತೀವಿ’ ಅಂತ ದಯವಿಟ್ಟು ಹೇಳಬೇಡಿ. ಪಕ್ಕದಿಂದ ಬೆಳಕು ಕೊಟ್ಟರೆ ಒಂದೊಂದು ಗೆರೆಯೂ ತನ್ನ ನೆರಳು ತಾನೇ ಬೀಳಿಸುತ್ತೆ, ಸುಕ್ಕು ದುಪ್ಪಟ್ಟು ಕಾಣುತ್ತೆ. ನೆತ್ತಿಯ ಮೇಲಿನ ಬೆಳಕಿಂಡಿಯ ಕೆಳಗೆ ಕೂರಿಸಿದರೆ ಕಣ್ಣು ಕುಳಿ ಬಿದ್ದ ಹಾಗೆ ಕಾಣುತ್ತೆ. ಆಮೇಲೆ ಬಣ್ಣ ತೆಗೆದು ಕಾಂಟ್ರಾಸ್ಟ್ ಏರಿಸ್ತೀವಿ. ಅಂದರೆ ಆ ಬಡತನದಲ್ಲಿ ಅರ್ಧ ನಾವೇ ತಯಾರು ಮಾಡಿದ್ದು!

ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ‘ಮೈಗ್ರೆಂಟ್ ಮದರ್’ ನೀವೆಲ್ಲ ನೋಡಿರ್ತೀರಿ. ಜಗತ್ಪ್ರಸಿದ್ಧ ಫೋಟೋ. ಲ್ಯಾಂಗ್ ಆ ಹೆಂಗಸಿನ ಹೆಸರನ್ನೇ ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನೋ ಹೆಸರು ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ, 42 ವರ್ಷ ಆದ ಮೇಲೆ. ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಪೈಸೆಯೂ ಬರಲಿಲ್ಲ ಅಂತ ಆಕೆ ಹೇಳಿಕೊಂಡಿದ್ದಳು. ಲ್ಯಾಂಗ್ ಸರ್ಕಾರದ ಕೆಲಸಕ್ಕೆ, ಜನರ ಕಷ್ಟ ತೋರಿಸೋಕೆ ಹೋಗಿದ್ದವರು. ನಮಗೆ ಆ ನೆಪವೂ ಇಲ್ಲವಲ್ಲ?

ಹಾಗಾದ್ರೆ ಕ್ರಿಯೇಟಿವಿಟಿ ಎಲ್ಲಿ ಅಂತ ಕೇಳ್ತೀರಿ. ಹಳೇ ಸ್ಟುಡಿಯೋಗಳನ್ನ ನೆನಪಿಸಿಕೊಳ್ಳಿ. ಹಿಂದೆ ಬಣ್ಣದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವು, ಕೈಗೆ ಎರವಲು ವಾಚು. ನಾವು ನೋಡಿ ನಗ್ತೀವಿ. ಆದರೆ ಆ ಸುಳ್ಳು ಕೂತವರು ತಮಗಾಗಿ ಇಷ್ಟಪಟ್ಟು ಹೇಳಿದ ಸುಳ್ಳು. ನನ್ನ ಕಂಬಳಿ, ಕಂದೀಲು ನಾನು ಅವಳ ಮೇಲೆ ಹೊರಿಸಿದ ಸುಳ್ಳು.

ಮರುದಿನ ಪ್ಲಾನ್ ಅವಳದೇ. ಟ್ರೆಜುರಿಯಿಂದ ಇಳಕಲ್ ಸೀರೆ ಬಂತು, ಕೈತುಂಬ ಹಸಿರು ಬಳೆ. ಚಸ್ಮಾ ಇರಲೇಬೇಕು. ಕೈಯಲ್ಲಿ ಏನು ಹಿಡ್ಕೋತಿ ಅಂದರೆ ಹಾಲಿನ ಲೆಕ್ಕದ ವಹಿ ತಂದಳು. ಎರಡು ಎಮ್ಮೆ ಸಾಕಿ, ಮನೆಮನೆಗೆ ಹಾಲು ಹಾಕಿ ಮೂರು ಮಕ್ಕಳನ್ನು ಓದಿಸಿದ ಲೆಕ್ಕ ಅದು. ನನ್ನ ಎಕ್ಸೆಲ್ ಶೀಟಿಗೆ ಇದು ಹೊಳೆದಿರಲಿಲ್ಲ ನೋಡಿ!

ನನ್ನ ಕೆಲಸ ಇಷ್ಟೇ. ಬಾಗಿಲಿಗೆ ಅಪ್ಪನ ಬಿಳಿ ಧೋತರ ಕಟ್ಟಿ ಬಿಸಿಲನ್ನು ಮೆತ್ತಗೆ ಮಾಡಿದೆ, ಬಾಗಿಲ ಕಡೆ ಮುಖ ಮಾಡಿ ಕೂರಿಸಿದೆ, ಕೆಳಗಿಂದ ಥರ್ಮೋಕೋಲ್ ಹಾಳೆ ಹಿಡಿಸಿದೆ. ಎಫ್ 1.8 ಬಿಟ್ಟು 5.6ಕ್ಕೆ ಹೋದೆ, ಮುಖದ ಜೊತೆ ವಹಿಯೂ ಸ್ಪಷ್ಟವಾಗಿ ಬರಲಿ ಅಂತ. ಚಸ್ಮಾದಲ್ಲಿ ಬಾಗಿಲು ಹೊಳೆಯುತ್ತಿತ್ತು, ಗದ್ದ ಸ್ವಲ್ಪ ತಗ್ಗಿಸು ಅಂದೆ, ಹೋಯಿತು. ಸುಕ್ಕು? ಅದೂ ಇತ್ತು, ಎಷ್ಟಿರಬೇಕೋ ಅಷ್ಟು. ಆರಿಸುವಾಗ ಲ್ಯಾಪ್‌ಟಾಪ್ ಅವಳ ಮುಂದೆ. ಬ್ಯಾಡ ಅಂದದ್ದು ಅಲ್ಲೇ ಡಿಲೀಟ್.

ಮುಂದಿನ ಸಲ ಯಾವುದೋ ಅಜ್ಜಿಯ ಮುಖದ ಮೇಲೆ ಕ್ಯಾಮೆರಾ ಇಡುವ ಮುಂಚೆ ಹೆಸರು ಕೇಳಿ. ಹೇಗೆ ಕಾಣಬೇಕು ಅಂತ ಕೇಳಿ. ತೆಗೆದ ಮೇಲೆ ತೋರಿಸಿ. ಬೇಡ ಅಂದರೆ ಅಳಿಸಿ. ಇಷ್ಟು ಮಾಡೋಕಾಗದಿದ್ದರೆ ಹೂವು, ಗುಬ್ಬಿ, ಸೂರ್ಯಾಸ್ತ ಇವೆ. ಅವು ಏನೂ ಅನ್ನಲ್ಲ.

ಫೋಟೋ ಎಲ್ಲಿ ಅಂತೀರಾ? ಬ್ಲಾಗಿಗೆ ಹಾಕಲಾ ಅಂತ ಅಮ್ಮನನ್ನು ಕೇಳಿದೆ. “ಊರ ಮಂದೀಗೆಲ್ಲ ಯಾಕೋ?” ಅಂದಳು. ಹಾಕಿಲ್ಲ.