ಕಡಲಾಚೆಯಿಂದ ಬರುವ ಬೆದರಿಕೆ

ಕಳೆದ ತಿಂಗಳು ಬನಶಂಕರಿ ಎರಡನೇ ಹಂತದ ಸ್ವಸಹಾಯ ಸಂಘವೊಂದರ ವಾರದ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದು ಮುಗಿದ ಮೇಲೂ ಒಬ್ಬ ಸದಸ್ಯೆ ಏಳದೆ ಕೂತೇ ಇದ್ದರು. ಎಲ್ಲರೂ ಹೊರಟ ಮೇಲೆ ಸೆರಗಿನ ಮರೆಯಿಂದ ಫೋನು ತೆಗೆದು ನನ್ನ ಕೈಗಿತ್ತರು. "ನೀವೇ ಓದಿ ಮೇಡಂ, ನನಗೆ ಬಾಯಿಬಿಟ್ಟು ಹೇಳೋಕಾಗಲ್ಲ" ಎಂದರು.

ಅಳಿಯ ಹೊರದೇಶದಲ್ಲಿ ಇಂಜಿನಿಯರು. ಮದುವೆಯಲ್ಲಿ ಕೊಟ್ಟದ್ದು ಅವನಿಗೆ ಸಾಲಲಿಲ್ಲ. ಜೆ.ಪಿ. ನಗರದ ಆಚೆಗಿರುವ ಸೈಟು ಮಾರಿ ಹಣ ಕಳಿಸಬೇಕಂತೆ. ಇಲ್ಲದಿದ್ದರೆ ಹೆಂಡತಿಯ ಖಾಸಗಿ ಚಿತ್ರಗಳನ್ನು ನೆಂಟರಿಷ್ಟರ ಫೋನುಗಳಿಗೆಲ್ಲ ಹರಿಬಿಡುವುದಾಗಿ ಬರೆದಿದ್ದ. ಮಗಳು ತವರಿಗೆ ಬಂದು ಆರು ತಿಂಗಳಾಗಿತ್ತು. ಠಾಣೆಗೆ ಹೋದರೆ ಸಿಕ್ಕ ಉತ್ತರ ಒಂದೇ: "ಅದು ಫಾರಿನ್ ನಂಬರ್ ಅಮ್ಮಾ, ನಮ್ಮ ಕೈಲಿಲ್ಲ."

ಗೆಳತಿಯರೇ, ಒಂದು ಕಾಲದಲ್ಲಿ ವರದಕ್ಷಿಣೆಯ ಕಿರುಕುಳ ಅಡಿಗೆಮನೆಯ ನಾಲ್ಕು ಗೋಡೆಗಳ ನಡುವೆ ನಡೆಯುತ್ತಿತ್ತು. ಸೀಮೆಎಣ್ಣೆ ಡಬ್ಬಿ, ಬೆಂಕಿಕಡ್ಡಿ, "ಸ್ಟೌ ಸಿಡಿಯಿತು" ಎಂಬ ಹೇಳಿಕೆ ನಮಗೆಲ್ಲ ಗೊತ್ತಿದ್ದವೇ. ಅದಿನ್ನೂ ನಿಂತಿಲ್ಲ. ಅದರ ಜೊತೆಗೆ ಈಗ ಕಿರುಕುಳಕ್ಕೆ ಹೊಸ ಕೈಗಳು ಬಂದಿವೆ, ಮತ್ತು ಆ ಕೈಗಳು ಕಡಲಾಚೆಯಿಂದಲೂ ಚಾಚುತ್ತವೆ. ಅವನ್ನು ಹಿಡಿಯುವ ಕಾನೂನು ಎಲ್ಲಿದೆ? ಅದನ್ನು ಕೇಳಬೇಕಾದವರು ಯಾರು?

ಕೇಳಬೇಕಾದ ಜಾಗಗಳಲ್ಲಿ ಒಂದು ಪಾರ್ಲಿಮೆಂಟಿನ ಸ್ಥಾಯಿ ಸಮಿತಿ. ಇಲಾಖೆಗಳ ಕೆಲಸವನ್ನು ತಪಾಸಣೆ ಮಾಡುವ ಈ ಸಮಿತಿಗಳು ಈಗಿನ ರೂಪದಲ್ಲಿ 1993ರಲ್ಲಿ ಶುರುವಾದವು. ಎರಡೂ ಸದನಗಳ, ಎಲ್ಲ ಪಕ್ಷಗಳ ಸದಸ್ಯರು ಕೂತು ಅಧಿಕಾರಿಗಳನ್ನು ಕರೆಸಿ ಪ್ರಶ್ನಿಸುತ್ತಾರೆ, ವರದಿ ಕೊಡುತ್ತಾರೆ. ಗೃಹ ಇಲಾಖೆಯ ಸ್ಥಾಯಿ ಸಮಿತಿಯು ಸೈಬರ್ ಅಪರಾಧದ ಬಗ್ಗೆ ತನ್ನ 254ನೇ ವರದಿಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದಿಟ್ಟಿತು. ಸಮಿತಿಯ ಮಾತನ್ನು ಸರ್ಕಾರ ಪಾಲಿಸಲೇಬೇಕೆಂದಿಲ್ಲ. ಆದರೆ ಏನು ಕ್ರಮ ಕೈಗೊಂಡಿತೆಂದು ಉತ್ತರ ಕೊಡಬೇಕು.

"ದೆಹಲಿಯ ವರದಿಯಿಂದ ನಮಗೇನು?" ಎಂದು ಕೇಳುವವರಿದ್ದಾರೆ. ಹಿಂದಿನದೊಂದು ಸಂಗತಿ ನೆನಪಿಸುತ್ತೇನೆ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಇಪ್ಪತ್ತು ವರ್ಷ ಹಲ್ಲಿಲ್ಲದ ಹಾವಿನಂತೆ ಬಿದ್ದಿತ್ತು. 1980ರಲ್ಲಿ ಎರಡೂ ಸದನಗಳ ಜಂಟಿ ಸಮಿತಿಯೊಂದು ಅದರ ಪರಿಶೀಲನೆಗೆ ನೇಮಕವಾಯಿತು. ಅದರ ಅಧ್ಯಕ್ಷೆ ಕೃಷ್ಣಾ ಸಾಹಿ. ಹೊರಗೆ ಬೀದಿಯಲ್ಲಿ ಹೆಂಗಸರ ಹೋರಾಟ, ಒಳಗೆ ಸಮಿತಿಯ ಮುಂದೆ ಸಾಕ್ಷ್ಯ. 1982ರಲ್ಲಿ ವರದಿ ಬಂತು. 1983ರಲ್ಲಿ 498ಎ, 1984 ಮತ್ತು 1986ರಲ್ಲಿ ಕಾಯಿದೆಗೆ ತಿದ್ದುಪಡಿಗಳು, 1986ರಲ್ಲೇ ವರದಕ್ಷಿಣೆ ಸಾವಿನ 304ಬಿ ಬಂದವು. ಕಾನೂನು ತಾನಾಗಿ ಹುಟ್ಟಲಿಲ್ಲ, ನಾವು ಕೇಳಿದ್ದರಿಂದ ಹುಟ್ಟಿತು. ಇಂದು ಆ ಕಲಮುಗಳು ಭಾರತೀಯ ನ್ಯಾಯ ಸಂಹಿತೆಯಲ್ಲಿ 85, 86 ಮತ್ತು 80ನೆಯವು. ಸಂಖ್ಯೆ ಬದಲಾಗಿದೆ, ಹಕ್ಕು ಬದಲಾಗಿಲ್ಲ.

ಇನ್ನು "ಫಾರಿನ್ ನಂಬರ್" ಮಾತಿಗೆ ಬರೋಣ. ಸಂದೇಶ ಕಳಿಸಿದವನು ಅವನೇ ಎಂದು ನ್ಯಾಯಾಲಯದಲ್ಲಿ ತೋರಿಸಲು ಬೇಕಾದ ದಾಖಲೆ ಬಹುತೇಕ ಹೊರದೇಶದ ಕಂಪನಿಯ ಬಳಿ ಇರುತ್ತದೆ. ಅದನ್ನು ಪಡೆಯಲು ಇಲ್ಲಿಂದ ಕೋರಿಕೆಯ ಪತ್ರ ಹೋಗಬೇಕು. ಅದು ತನಿಖಾಧಿಕಾರಿಯ ಮೇಜಿನಿಂದ ಹೊರಟು ನ್ಯಾಯಾಲಯ, ದೆಹಲಿಯ ಗೃಹ ಇಲಾಖೆ, ಆ ದೇಶದ ಅಧಿಕಾರಿ, ಆ ದೇಶದ ನ್ಯಾಯಾಲಯ, ಕಡೆಗೆ ಕಂಪನಿ ಹೀಗೆ ಮೆಟ್ಟಿಲು ಹತ್ತಿ ಇಳಿಯಬೇಕು. ಪರಸ್ಪರ ಕಾನೂನು ನೆರವಿನ ಒಪ್ಪಂದ ಎಂದರೆ ಇದೇ. 40ಕ್ಕೂ ಹೆಚ್ಚು ದೇಶಗಳ ಜೊತೆ ಭಾರತಕ್ಕೆ ಇಂಥ ಒಪ್ಪಂದವಿದೆ. ಅಮೆರಿಕದ ಜೊತೆಗಿನದು 2001ರಲ್ಲಿ ಸಹಿಯಾಗಿ 2005ರಲ್ಲಿ ಜಾರಿಗೆ ಬಂತು. ದಾರಿ ಇಲ್ಲವೆಂದಲ್ಲ, ದಾರಿ ಬಹಳ ಉದ್ದ. ಕಾಗದ ನಡೆದು ಹೋಗುವಷ್ಟರಲ್ಲಿ ದಾಖಲೆಯೇ ಅಳಿಸಿಹೋಗಿರಬಹುದು.

ಇನ್ನೊಂದು ತೊಡಕೂ ಇದೆ. ಆರೋಪಿಯನ್ನು ಒಪ್ಪಿಸಬೇಕಾದರೆ ಆ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು. ವರದಕ್ಷಿಣೆ ಎಂಬ ಪದವೇ ಇಲ್ಲದ ಕಾನೂನಿನ ಮುಂದೆ ನಮ್ಮ ಮಗಳ ಸಂಕಟವನ್ನು ಯಾವ ಹೆಸರಿನಿಂದ ಕರೆಯುವುದು? ಬೆದರಿಸಿ ಹಣ ಕೇಳುವುದು, ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹರಡುವುದು ಹಲವು ದೇಶಗಳಲ್ಲಿ ಅಪರಾಧ. ಆದ್ದರಿಂದ ದೂರಿನಲ್ಲಿ ವರದಕ್ಷಿಣೆಯ ಜೊತೆಗೆ ಇವನ್ನೂ ಬಿಡಿಬಿಡಿಯಾಗಿ ಬರೆಸಬೇಕು. 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿದ ಸೈಬರ್ ಅಪರಾಧ ಒಡಂಬಡಿಕೆಯ 16ನೇ ವಿಧಿ, ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹರಡುವುದನ್ನು ಅಪರಾಧವೆಂದು ಪರಿಗಣಿಸಲು ದೇಶಗಳಿಗೆ ಹೇಳುತ್ತದೆ. 2025ರ ಅಕ್ಟೋಬರ್‌ನಲ್ಲಿ ವಿಯೆಟ್ನಾಮಿನ ಹನೋಯಿಯಲ್ಲಿ ಹಲವು ದೇಶಗಳು ಅದಕ್ಕೆ ಸಹಿ ಹಾಕಿದವು. ಅಲ್ಲಿ ಸಹಿ ಹಾಕಿದವರಲ್ಲಿ ಭಾರತ ಇರಲಿಲ್ಲ. ಈ ಒಡಂಬಡಿಕೆ ಸರ್ಕಾರಗಳಿಗೆ ಜನರ ಮೇಲೆ ಕಣ್ಣಿಡುವ ಹೆಚ್ಚಿನ ಅಧಿಕಾರ ಕೊಡುತ್ತದೆಂಬ ಆತಂಕವನ್ನು ಮಾನವ ಹಕ್ಕುಗಳ ಸಂಘಟನೆಗಳು ಮುಂದಿಟ್ಟಿವೆ. ಆ ಆತಂಕ ನಮಗೂ ಇದೆ. ಆದರೆ 16ನೇ ವಿಧಿಯ ಮಾತನ್ನು ಚರ್ಚೆಗೇ ತಾರದೆ ಬಿಡಲಾಗದು.

ಗಂಡ ಹೊರದೇಶದಲ್ಲಿ ಮಾಡಿದ ಕೃತ್ಯಕ್ಕೆ ಇಲ್ಲಿ ಮೊಕದ್ದಮೆ ನಡೆಯುತ್ತದೆಯೇ? ಬೋಟ್ಸ್ವಾನಾದಲ್ಲಿದ್ದ ಗಂಡನ ವಿರುದ್ಧ ಆಂಧ್ರದ ಹೆಣ್ಣುಮಗಳೊಬ್ಬಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ಇದನ್ನು ಸ್ಪಷ್ಟಪಡಿಸಿತು. ದೂರು ದಾಖಲಿಸಲು, ತನಿಖೆ ನಡೆಸಲು ಯಾರ ಅಪ್ಪಣೆಯೂ ಬೇಡ. ಹೊರದೇಶದಲ್ಲಿ ನಡೆದ ಕೃತ್ಯದ ವಿಚಾರಣೆ ಮುಂದುವರಿಯಲು ಮಾತ್ರ ಕೇಂದ್ರ ಸರ್ಕಾರದ ಅನುಮತಿ ಬೇಕು. 2019ರಲ್ಲಿ ಅದೇ ನ್ಯಾಯಾಲಯ, ಗಂಡನ ಮನೆ ಬಿಟ್ಟು ಬಂದವಳು ತಾನು ಆಶ್ರಯ ಪಡೆದ ಊರಿನಲ್ಲೇ ಕ್ರೌರ್ಯದ ದೂರು ಕೊಡಬಹುದು ಎಂದಿತು. ಅಂದಮೇಲೆ "ನಮ್ಮ ಕೈಲಿಲ್ಲ" ಎಂಬ ಮಾತಿಗೆ ಕಾನೂನಿನ ಬಲವಿಲ್ಲ.

ಅನಿವಾಸಿ ಮದುವೆಗಳ ನೋಂದಣಿಗೆ 2019ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಬಂತು. ಮದುವೆಯಾಗಿ 30 ದಿನಗಳಲ್ಲಿ ನೋಂದಣಿ, ತಪ್ಪಿದರೆ ಪಾಸ್‌ಪೋರ್ಟ್ ಮುಟ್ಟುಗೋಲು, ಸಿಗದವನಿಗೆ ವಿದೇಶಾಂಗ ಇಲಾಖೆಯ ಜಾಲತಾಣದ ಮೂಲಕವೇ ಸಮನ್ಸ್ ಎಂದೆಲ್ಲ ಅದರಲ್ಲಿತ್ತು. ಸ್ಥಾಯಿ ಸಮಿತಿ 2020ರಲ್ಲಿ ವರದಿ ಕೊಟ್ಟಿತು. 2024ರಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಇನ್ನೂ ಸಮಗ್ರವಾದ ಕಾಯಿದೆ ಬೇಕೆಂದಿತು. ಐದು ವರ್ಷ, ಎರಡು ವರದಿ, ಆದರೆ ಅಷ್ಟು ಹೊತ್ತಿಗೂ ಕಾಯಿದೆ ಇರಲಿಲ್ಲ.

ಮನಸ್ಸು ಮಾಡಿದರೆ ಸರ್ಕಾರಕ್ಕೆ ಆಗುವುದಿಲ್ಲವೇ? ನಮ್ಮ ರಾಜ್ಯದ ಹಾಸನವನ್ನೇ ನೋಡಿ. 2024ರ ಏಪ್ರಿಲ್‌ನಲ್ಲಿ ಚುನಾವಣೆಯ ಹೊತ್ತಿಗೆ ಹೆಂಗಸರ ವಿಡಿಯೋಗಳನ್ನು ಪೆನ್‌ಡ್ರೈವ್‌ಗಳಲ್ಲಿ ಬೀದಿಬೀದಿಗೆ ಹಂಚಲಾಯಿತು. ಅವರ ಮುಖಗಳನ್ನು ಮರೆಮಾಡುವ ಕನಿಕರವೂ ಹಂಚಿದವರಿಗೆ ಇರಲಿಲ್ಲ. ಅಂದಿನ ಸಂಸದ ಪ್ರಜ್ವಲ್ ರೇವಣ್ಣ ರಾಜತಾಂತ್ರಿಕ ಪಾಸ್‌ಪೋರ್ಟಿನಲ್ಲಿ ಜರ್ಮನಿಗೆ ಹೋದರು. ಮಹಿಳಾ ಸಂಘಟನೆಗಳು ದನಿ ಎತ್ತಿದವು, ವಿಶೇಷ ತನಿಖಾ ತಂಡ ರಚನೆಯಾಯಿತು, ಇಂಟರ್‌ಪೋಲಿನ ಬ್ಲೂ ಕಾರ್ನರ್ ನೋಟಿಸ್ ಹೊರಟಿತು. ಮೇ 31ರ ನಸುಕಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಅವರನ್ನು ವಶಕ್ಕೆ ಪಡೆದ ತಂಡದಲ್ಲಿ ಮಹಿಳಾ ಪೊಲೀಸರೇ ಇದ್ದರು. 2025ರ ಆಗಸ್ಟ್ 2ರಂದು ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ವಿರುದ್ಧ ಅವರು ಮೇಲ್ಮನವಿ ಸಲ್ಲಿಸಿದ್ದಾರೆ. ದೂರು ಕೊಟ್ಟು ಕಡೆಯವರೆಗೂ ನಿಂತವಳು ಮನೆಗೆಲಸ ಮಾಡಿ ಬದುಕುವ ಹೆಂಗಸು. ರಾಜ್ಯವೇ ಬೆಚ್ಚಿದ್ದರಿಂದ ಅಲ್ಲಿ ಗಡಿಗಳು ಅಡ್ಡಬರಲಿಲ್ಲ. ಬನಶಂಕರಿಯ ಮಗಳಿಗಾಗಿ ಯಾರು ಬೆಚ್ಚುತ್ತಾರೆ?

ಆದ್ದರಿಂದ ಸಂಸತ್ತಿನ ಸಮಿತಿಗೆ ನಮ್ಮ ಪ್ರಶ್ನೆಗಳು ನೇರವಾಗಿವೆ. ಹೊರದೇಶಗಳಿಗೆ ಹೋದ ಕೋರಿಕೆಗಳಲ್ಲಿ ಹೆಂಗಸರ ಮೇಲಿನ ದೌರ್ಜನ್ಯಕ್ಕೆ ಸಂಬಂಧಿಸಿದವು ಎಷ್ಟು? ಎಷ್ಟಕ್ಕೆ ಉತ್ತರ ಬಂತು, ಎಷ್ಟು ದಿನದಲ್ಲಿ? ಬ್ಯಾಂಕಿನ ಹಣ ಕಳೆದಾಗ ಇರುವ ಆತುರ, ಹೆಣ್ಣಿನ ಮಾನ ಒತ್ತೆಯಾದಾಗ ಏಕಿಲ್ಲ? ಈ ಲೆಕ್ಕವನ್ನು ಪ್ರತಿ ವರ್ಷ ಬೇರೆಯಾಗಿಯೇ ಸದನದ ಮುಂದಿಡಬೇಕು. ಸಮಿತಿಗಳು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಅಭಿಪ್ರಾಯ ಕರೆಯುವುದುಂಟು. ಹಾಗೆ ಕರೆದಾಗ ನಮ್ಮ ಸಂಘಗಳ ಪತ್ರಗಳೂ ಆ ಮೇಜಿನ ಮೇಲಿರಬೇಕು. ಅಲ್ಲಿಯವರೆಗೆ ನಮ್ಮ ಕ್ಷೇತ್ರದ ಸಂಸದರಿಗೆ ಕನ್ನಡದಲ್ಲೇ ಬರೆಯೋಣ.

ಜೊತೆಗೆ ಸಂಘದಲ್ಲಿ ಇಷ್ಟು ತಿಳಿದಿರಲಿ. ಬೆದರಿಕೆ ಬಂದರೆ ಹೆದರಿ ಅಳಿಸಬೇಡಿ. ನಂಬರು, ತಾರೀಖು, ಗಂಟೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಫೋನನ್ನೂ ಬದಲಿಸದೆ ಜೋಪಾನ ಮಾಡಿ. ನ್ಯಾಯಾಲಯದಲ್ಲಿ ಅದಕ್ಕೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ವಕೀಲರನ್ನು ಕೇಳಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಂಗಸರು ಮತ್ತು ಮಕ್ಕಳ ದೂರಿಗೆ ಬೇರೆ ವಿಭಾಗವೇ ಇದೆ. ಸಹಾಯವಾಣಿ 1930. ಹೆಂಗಸರ ಸಹಾಯವಾಣಿ 181. ಚಿತ್ರ ಈಗಾಗಲೇ ಹರಡಿದ್ದರೆ ಕಂಪನಿಗೂ ದೂರು ಕೊಡಿ. ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ನಿಯಮಗಳು ಗಡುವು ಹಾಕಿದವು, ಆಮೇಲೆ ಅದು ಇನ್ನೂ ಬಿಗಿಯಾಗಿದೆ. ಠಾಣೆಯ ಸರಹದ್ದು ನೆಪವಾಗದಂತೆ ಜೀರೋ ಎಫ್‌ಐಆರ್‌ಗೆ ಹೊಸ ಕಾನೂನಿನ 173ನೇ ಕಲಮು ಅವಕಾಶ ಕೊಟ್ಟಿದೆ. ಒಬ್ಬಳೇ ಹೋಗಬೇಡಿ, ನಾಲ್ವರು ಹೋಗಿ.

ನಾವೂ ಹಾಗೇ ಹೋದೆವು. ಎರಡನೇ ಸಲ ಠಾಣೆಗೆ ಆ ತಾಯಿ, ಮಗಳು, ಸಂಘದ ಆರು ಜನ, ಜೊತೆಗೆ ನಾನು. ಮೂರು ಗಂಟೆ ಕೂತ ಮೇಲೆ ಎಫ್‌ಐಆರ್ ದಾಖಲಾಯಿತು. ಅಳಿಯ ಇನ್ನೂ ಅಲ್ಲೇ ಇದ್ದಾನೆ, ಕಾಗದ ಇನ್ನೂ ಹೊರಡಬೇಕಿದೆ. ಗೆದ್ದೆವೆಂದು ನಾನು ಹೇಳುವುದಿಲ್ಲ. ಆದರೆ ಮುಂದಿನ ವಾರದ ಸಭೆಯಲ್ಲಿ ಆ ತಾಯಿ ಎಲ್ಲರೂ ಏಳುವ ಮೊದಲೇ ಮಾತಾಡಿದರು. "ಇದನ್ನೂ ನಡಾವಳಿ ಪುಸ್ತಕದಲ್ಲಿ ಬರೀರಿ. ನಾಚಿಕೆ ಪಡಬೇಕಾದವನು ಅವನು, ನಾವಲ್ಲ" ಎಂದರು. ಉಳಿತಾಯದ ಲೆಕ್ಕದ ಕೆಳಗೆ ಅದನ್ನು ಬರೆದು, ಎಲ್ಲರೂ ಸಹಿ ಹಾಕಿದೆವು.