ಕೆಂಪು ಆಕಾಶದ ಚಿತ್ರವೂ ಜೊತೆಯಾಗಿ ನೋಡುವ ಭಾಗ್ಯವೂ

2024ರ ಜೂನ್ ತಿಂಗಳಲ್ಲಿ ಬೇಸಗೆ ರಜೆ ಮುಗಿದು ಶಾಲೆ ತೆರೆದಾಗ ಒಂಭತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಸಾರ್, ಲಡಾಖಿನಾಗೆ ಆಕಾಶ ಕೆಂಪಗಾಗಿತ್ತಂತೆ. ಅಣ್ಣನ ಫೋನಿಗೆ ಫೋಟೋ ಬಂದಿತ್ತು. ನಿಜಾನಾ, ಇಲ್ಲಾ ಯಾರಾನಾ ಬಣ್ಣ ಹಾಕವ್ರಾ?"

ನಿಜವೆಂದೆ. ಆ ವರ್ಷದ ಮೇ 10ರ ರಾತ್ರಿ ಕಳೆದು 11ರ ಬೆಳಗಿನ ಜಾವ, ಲಡಾಖಿನ ಹಾನ್ಲೆಯಲ್ಲಿರುವ ಖಗೋಳ ವೀಕ್ಷಣಾಲಯದ ಕ್ಯಾಮರಾ ಧ್ರುವಪ್ರಭೆಯನ್ನು ಸೆರೆಹಿಡಿಯಿತು. ಸೂರ್ಯನಿಂದ ಸಿಡಿದು ಬಂದ ವಿದ್ಯುತ್ಕಣಗಳ ಮೋಡವು ಭೂಮಿಯ ಕಾಂತಕ್ಷೇತ್ರವನ್ನು ಕದಡಿದಾಗ, ಬಹು ಎತ್ತರದಲ್ಲಿರುವ ಆಮ್ಲಜನಕವು ಸೂಸುವ ಕೆಂಪು ಬೆಳಕು ಅದು. 2003ರ ಬಳಿಕ ಅಷ್ಟು ಪ್ರಬಲವಾದ ಕಾಂತೀಯ ಬಿರುಗಾಳಿ ಎದ್ದಿರಲಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯದು. ಕ್ಯಾಮರಾ ಬೆಳಕನ್ನು ಕೂಡಿಸಿ ಕೂಡಿಸಿ ಬಣ್ಣವನ್ನು ಕಾಣಿಸುತ್ತದೆ. ಅಲ್ಲಿಯ ದೊಡ್ಡ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ನಡೆಸುತ್ತಾರೆಂದಾಗ ಹುಡುಗರು ಕಣ್ಣರಳಿಸಿದರು.

"ನೀನು ಯಾರ ಜೊತೆ ಕೂತು ನೋಡಿದೆ?" ಎಂದು ಕೇಳಿದೆ. "ಒಬ್ನೇ ಸಾರ್, ಮಲ್ಕೊಂಡು" ಎಂದ. ಅವನ ಉತ್ತರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಾಯಿತು. ಅಂದು ನಿಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯನು ಬಳೆಯಾದ. ಜವಳಗಿರಿಯಲ್ಲಿ ನಮಗೆ ಕಂಡದ್ದು ರಾಗಿ ಕೊಯ್ಯುವ ಕುಡುಗೋಲಿನಂತಹ ಸೂರ್ಯ. ಶಾಲೆಗೆ ಅರ್ಧವಾರ್ಷಿಕ ರಜೆಯಿತ್ತು. ಆದರೂ ಬರಹೇಳಿದ್ದಕ್ಕೆ ಹನ್ನೊಂದು ಮಕ್ಕಳು ನಮ್ಮ ಮನೆಯಂಗಳಕ್ಕೆ ಬಂದರು. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಬೆಳಕನ್ನು ಸುಣ್ಣದ ಗೋಡೆಯ ಮೇಲೆ ಬೀಳಿಸಿದೆವು. ಹೊಂಗೆ ಮರದ ಕೆಳಗಂತೂ ನೆಲದ ತುಂಬ ಕುಡುಗೋಲುಗಳೇ! ಪಕ್ಕದ ಮನೆಯ ತಮಿಳು ಕುಟುಂಬದವರೂ ಬಂದು ನಿಂತರು. ಬಾಗಿಲಿಕ್ಕಿ ಕುಳಿತಿದ್ದ ನಮ್ಮ ತಾಯಿಯವರು ಮಕ್ಕಳ ಕೂಗಿಗೆ ತಡೆಯಲಾರದೆ ಹೊರಬಂದು, ಗೋಡೆಯನ್ನು ಮುಟ್ಟಿ ನೋಡಿದರು. ಗ್ರಹಣವೆಂಬ ಪದ ಕನ್ನಡ, ತಮಿಳು, ಮಲಯಾಳ ಮೂರರಲ್ಲಿಯೂ ಇದೆ. ಅಂದು ಯಾರಿಗೂ ಅನುವಾದ ಬೇಕಾಗಲಿಲ್ಲ. ಅಂದು ನಾವು ತೆಗೆದ ಫೋಟೋ ಒಂದೂ ಉಳಿದಿಲ್ಲ. ಆದರೆ ಆ ಮಕ್ಕಳು ಇಂದಿಗೂ ದಾರಿಯಲ್ಲಿ ಸಿಕ್ಕರೆ ಹೊಂಗೆ ಮರದ ಮಾತನ್ನೇ ತೆಗೆಯುತ್ತಾರೆ.

ಹಾನ್ಲೆಯ ಚಿತ್ರವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅದಿಲ್ಲದಿದ್ದರೆ ಇಲ್ಲಿಯ ಹುಡುಗನಿಗೆ ಧ್ರುವಪ್ರಭೆಯ ಸುದ್ದಿಯೇ ತಲುಪುತ್ತಿರಲಿಲ್ಲ. ಆದರೆ ಚಿತ್ರ ತಲುಪಿದ ಮೇಲೆ ಅದನ್ನು ನಾಲ್ಕು ಜನ ಕೂಡಿ ನೋಡಿ, ಮಾತನಾಡುವ ಕೆಲಸ ನಮ್ಮದು. ಆ ದಿನ ತರಗತಿಯಲ್ಲಿ ಮಾತು ಬೆಳೆದಾಗಲೇ 'ಧ್ರುವಪ್ರಭೆ' ಎಂಬ ಪದ ಮಕ್ಕಳ ಬಾಯಿಗೆ ಬಂತು. ಅಲ್ಲಿಯವರೆಗೆ ಅವರಿಗೆ ಗೊತ್ತಿದ್ದುದು ಇಂಗ್ಲಿಷ್ ಹೆಸರು ಮಾತ್ರ.

ನೀವು ಮಲಯಾಳದ ನಡುವೆ, ನಾವು ತಮಿಳಿನ ನಡುವೆ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳಲು ಹೆಣಗುತ್ತಿರುವವರು. ಅರ್ಜಿ, ಮನವಿ, ಸಭೆ ಎಲ್ಲವೂ ಬೇಕು. ಆದರೆ ಕನ್ನಡದಲ್ಲಿಯೇ ನೆನೆಯುವಂತಹ ಒಂದು ಬೆರಗನ್ನು ಮಕ್ಕಳಿಗೆ ನಾವು ಕೊಡದೆ ಹೋದರೆ, ನಾಳೆ ಆ ಶಾಲೆಗೆ ತಮ್ಮ ಮಕ್ಕಳನ್ನು ಕಳುಹಿಸಲು ಅವರಿಗೆ ಕಾರಣವಾದರೂ ಏನು? ಪರೀಕ್ಷೆಗೆ ಬಾರದ ವಿಷಯವೆಂದು ನಾವು ಅಧ್ಯಾಪಕರೇ ಇಂತಹವನ್ನು ತಳ್ಳಿಬಿಡುತ್ತೇವೆ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಇಲ್ಲಿ ಆನೆಗಳಿಂದ ರಾಗಿ ಹೊಲ ಕಾಯುವ ರೈತರು ರಾತ್ರಿಯೆಲ್ಲ ಎಚ್ಚರವಿರುತ್ತಾರೆ. ಯಾವ ನಕ್ಷತ್ರ ಎಷ್ಟು ಹೊತ್ತಿಗೆ ಮೂಡುವುದೆಂದು ಅವರನ್ನು ಕೇಳಬೇಕು. ಮಕ್ಕಳನ್ನು ಅವರ ಬಳಿ ಕೂರಿಸಿದರೆ ಅದೂ ಒಂದು ಪಾಠವೇ.

2027ರ ಆಗಸ್ಟ್ 2, ಸೋಮವಾರ, ಮಧ್ಯಾಹ್ನದ ಮೇಲೆ ಪಾರ್ಶ್ವ ಸೂರ್ಯಗ್ರಹಣವಿದೆ. ನಿಮಗೂ ನಮಗೂ ಅದು ಕಾಣಬೇಕು. ನಿಮ್ಮಲ್ಲಿ ಮಳೆಗಾಲ, ಮೋಡ ಬಿಟ್ಟುಕೊಡಬೇಕಷ್ಟೆ. ಬರಿಗಣ್ಣಿನಿಂದ ಯಾರೂ ಸೂರ್ಯನನ್ನು ನೋಡಕೂಡದು. ತೂತಿನ ರಟ್ಟು ಸಾಕು. ಅಂದು ಮಕ್ಕಳನ್ನು ಕೋಣೆಯೊಳಗೆ ಕೂಡಿಹಾಕದೆ ಅಂಗಳಕ್ಕೆ ಕರೆತನ್ನಿ, ನೆರೆಯವರನ್ನೂ ಕರೆಯಿರಿ. ಫೋಟೋ ತೆಗೆಯುವವರು ತೆಗೆಯಲಿ. ಮೋಡ ಮುಚ್ಚಿ ಏನೂ ಕಾಣದೆ ಹೋದರೂ, ಎಲ್ಲರೂ ಜೊತೆಯಾಗಿ ಕಾದದ್ದಂತೂ ಮಕ್ಕಳಿಗೆ ನೆನಪಿರುತ್ತದೆ.

— ಓರ್ವ ಕನ್ನಡ ಅಧ್ಯಾಪಕ, ಜವಳಗಿರಿ